ಮಗುವಿಗೆ ಬೆನ್ನೂ ಇರುತ್ತದೆ

ಸರ್ಕಾರಿ ಆಸ್ಪತ್ರೆಯ ಮಾನ್ಯ ಸೂಪರಿಂಟೆಂಡೆಂಟರೇ,

ನನ್ನ ಮಗಳು ಕೋಕಿಲಾಗೆ ಎಂಟು ತಿಂಗಳು ತುಂಬುವುದರೊಳಗೆ ಮೂರು ಸಲ ಮಿದುಳು ಪೊರೆಯ ಸೋಂಕು, ಅಂದರೆ ನಿಮ್ಮವರು ಹೇಳುವ ಮೆನಿಂಜೈಟಿಸ್, ಬಂತು. ಮೂರು ಸಲವೂ ನಿಮ್ಮಲ್ಲೇ ದಾಖಲಾದಳು. ಮೊದಲ ಎರಡು ಸಲ ಅವಳ ಬೆನ್ನನ್ನು ಯಾರೂ ಸರಿಯಾಗಿ ನೋಡಲಿಲ್ಲ. ಮಗುವಿಗೆ ಬೆನ್ನೂ ಇರುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಲು ಈ ಪತ್ರ.

ತಮಾಷೆಯೆಂದರೆ, ಪರೀಕ್ಷೆಗೆಂದು ಸೂಜಿ ಚುಚ್ಚಿ ನೀರು ತೆಗೆದದ್ದು ಬೆನ್ನಿನಿಂದಲೇ. ಅಲ್ಲಿಂದ ಎರಡು ಬೆರಳು ಕೆಳಗೆ ಸಾಸಿವೆ ಕಾಳಿನಷ್ಟು ಕುಳಿಯೊಂದಿತ್ತು, ಸುತ್ತ ನಾಲ್ಕು ಕೂದಲು. ಮೊದಲ ಸಲ ಹದಿನೆಂಟು ದಿನ ಪೆನಿಸಿಲಿನ್ ಕೊಟ್ಟು, ‘ಗುಣವಾಗಿದೆ’ ಎಂದು ಬರೆದು ಕಳಿಸಿದಿರಿ. ಆರು ವಾರಕ್ಕೆ ಮತ್ತೆ ಜ್ವರ, ಅದೇ ಕೀರಲು ಅಳು, ಉಬ್ಬಿದ ನೆತ್ತಿ. ಈ ಸಲ ನಿಮ್ಮವರಿಗೆ ಕಾರಣ ಸಿಕ್ಕಿತು: ನನ್ನ ಹೆಂಡತಿ! ಹಾಲಿನ ಬಾಟಲಿ ತೊಳೆಯುವುದಿಲ್ಲವಂತೆ. ಸೀತಾಲಕ್ಷ್ಮಿ ಎದೆಹಾಲು ಕುಡಿಸುತ್ತಾಳೆ, ಮನೆಯಲ್ಲಿ ಬಾಟಲಿಯೇ ಇಲ್ಲ ಎಂದೆ. ಆದರೂ ಕೇಸ್ ಶೀಟಿನಲ್ಲಿ ‘ತಾಯಿಗೆ ಶುಚಿತ್ವದ ಅರಿವಿಲ್ಲ’ ಎಂದು ಬರೆದರು. ಅಂದಿನಿಂದ ಅವಳು ಮಗುವನ್ನು ಮುಟ್ಟುವ ಮುಂಚೆ ಚರ್ಮ ಸುಲಿಯುವಂತೆ ಕೈ ತೊಳೆಯತೊಡಗಿದಳು.

ಹಲಸೂರಿನ ನನ್ನ ಮಾವನ ಬೀದಿಯಲ್ಲಿ ಎಳೆಗೂಸುಗಳಿಗೆ ನೀರು ಹಾಕುವವರು ಚಾಂದ್ ಬೀ. ಆ ಕುಳಿಯನ್ನು ಕಂಡವರು ಅವರು. ಎಷ್ಟು ಒರೆಸಿದರೂ ಅಲ್ಲಿ ಒದ್ದೆ ನಿಲ್ಲುತ್ತದೆ ಎಂದಿದ್ದರು. ಎರಡನೇ ಸಲ ದಾಖಲಾದಾಗ ಅದನ್ನು ಡ್ಯೂಟಿ ಡಾಕ್ಟರಿಗೆ ಹೇಳಿದೆ. “ನೀರು ಹಾಕೋರೆಲ್ಲ ಕಾಯಿಲೆ ಹೇಳೋಕೆ ಶುರು ಮಾಡಿದ್ರೆ ನಾವ್ಯಾಕ್ರೀ ಇರ್ಬೇಕು?” ಎಂದರು. ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ತಮ್ಮ ಸಮ್ಮುಖಕ್ಕೆ ಸಲ್ಲಿಸುತ್ತಿದ್ದೇನೆ.

ಮೂರನೇ ಸಲ ಚಾಂದ್ ಬೀ ತಾವೇ ವಾರ್ಡಿಗೆ ಬಂದರು. ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ, ಯಾರನ್ನೂ ಕೇಳದೆ ಮಗುವನ್ನು ಬೋರಲು ಮಲಗಿಸಿದರು. “ಸಾಬ್, ಇಲ್ಲಿ ಸ್ವಲ್ಪ ನೋಡಿ. ಈ ತೂತು ಒಳಗೆ ಹೋಗ್ತದೆ,” ಎಂದರು. ಹಿಂದಿದ್ದವರು ಅವರನ್ನು ಹೊರಗೆ ಕಳಿಸಲು ಮುಂದಾದರು. ದೊಡ್ಡ ಡಾಕ್ಟರು ಕೈಯೆತ್ತಿ ತಡೆದು, ಟಾರ್ಚು ಹಿಡಿದು ಬಗ್ಗಿದರು. ಕುಳಿಯ ಸುತ್ತಲಿನ ಚರ್ಮವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಅದು ಹುಟ್ಟಿನಿಂದಲೇ ಬೆನ್ನುಹುರಿಯ ಪೊರೆಯವರೆಗೆ ಇಳಿದಿದ್ದ ಕಿರುದಾರಿ, ಕ್ರಿಮಿಗಳು ಒಳಹೋಗುತ್ತಿದ್ದುದು ಅಲ್ಲಿಂದಲೇ ಎಂದು ಆಮೇಲೆ ನಮಗೆ ವಿವರಿಸಿದರು. ಸೋಂಕು ಇಳಿದ ಮೇಲೆ ಆಪರೇಷನ್ ಮಾಡಿ ಅದನ್ನು ತೆಗೆಸಿದರು. ಅವರಿಗೆ ನಾನು ಋಣಿ.

ಹತ್ತು ತಿಂಗಳಿಂದ ಜ್ವರವಿಲ್ಲ. ಕೋಕಿಲಾ ಗೋಡೆ ಹಿಡಿದು ನಡೆಯುತ್ತಾಳೆ. ಆದರೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಲಾರಿ ಪಕ್ಕದಲ್ಲೇ ಹಾರನ್ ಹೊಡೆದರೂ ತಿರುಗಿ ನೋಡುವುದಿಲ್ಲ. ಮೂರು ಸಲದ ಸೋಂಕು ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿದೆ.

ಇನ್ನು ಮೇಲೆ ಈ ಕಾಯಿಲೆಯಿಂದ ಬರುವ ಪ್ರತಿ ಕೂಸಿನ ಬಟ್ಟೆ ಬಿಚ್ಚಿ, ಮಗುಚಿ, ನೆತ್ತಿಯಿಂದ ಬೆನ್ನಿನ ತುದಿಯವರೆಗೆ ನೋಡಬೇಕೆಂದು ಆದೇಶ ಹೊರಡಿಸಿ. ಇದಕ್ಕೆ ಹೊಸ ಯಂತ್ರ ಬೇಡ, ದೆಹಲಿಯ ಮಂಜೂರಾತಿಯೂ ಬೇಡ. ನನ್ನ ಹೆಂಡತಿಯ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿಸಿ. ಹೊಡೆದುಹಾಕಿದ್ದೇವೆಂದು ಟಪಾಲಿನಲ್ಲಿ ತಿಳಿಸಬೇಡಿ. ಸೀತಾಲಕ್ಷ್ಮಿ ಪ್ರತಿ ಮಂಗಳವಾರ ನಿಮ್ಮ ಕಿವಿ ವಿಭಾಗದ ಬೆಂಚಿನಲ್ಲಿ ಕೂತಿರುತ್ತಾಳೆ. ತಪ್ಪು ಅವಳದಲ್ಲ ಎಂದು ಅಲ್ಲಿಗೇ ಬಂದು ಹೇಳಿ. ಮಗುವಿಗೆ ಕೇಳಿಸುವುದಿಲ್ಲ, ತಾಯಿಗೆ ಕೇಳಿಸುತ್ತದೆ.

ಇಂತಿ,
ಇಷ್ಟೆಲ್ಲ ಬರೆದ ಮೇಲೂ ನಿಮ್ಮ ಬಾಗಿಲಿಗೇ ಬರಬೇಕಾದ,
ಯಜ್ಞನಾರಾಯಣ
ಕೃಷ್ಣರಾಜಪುರ, ೧೯೭೩