ಬಾಯಿ ಬಿಡದ ಗೇಟಿನ ಗಂಟೆ

ಮನೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ನನ್ನ ಮುದ್ದಿನ ಮುಂಗೋಪಿಗೆ,

ಹೇಗಿದ್ದೀಯೆ? ಸೊಂಟನೋವು ಕಡಿಮೆಯಾಯಿತೇ? ಮಗುವಿನ ಕೆಮ್ಮು ಇಳಿಯಿತೇ? ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಯುತ್ತದೆ, ಅದೊಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಪ್ಪನ ಆರೋಗ್ಯ ನೀನು ಕೇಳುವವಳಲ್ಲ ಎಂದು ಗೊತ್ತು. ಆದರೆ ಈ ಪತ್ರದ ತುಂಬ ಇರುವುದು ಅದೇ. ಅರ್ಧಕ್ಕೇ ಮಡಚಿಡಬೇಡ, ಕೊನೆಯವರೆಗೂ ಓದು.

ಹೋದ ತಿಂಗಳು ನಿನ್ನ ಕಾಗದ ಓದಿದ ಮೇಲೆಯೇ ನನಗೆ ಎಲ್ಲ ಗೊತ್ತಾದದ್ದು. ಗಂಡನಿಂದ ಬೇರೆಯಾಗಿ ನೀನು ಫೋನು ಮಾಡಿ, “ಮಗೂನ ಕರ್ಕೊಂಡು ಮನೆಗೆ ಬಂದ್ಬಿಡ್ಲಾ ಅಪ್ಪಾ?” ಎಂದು ಕೇಳಿದರೆ, ಈ ಮನುಷ್ಯ “ಅದೆಲ್ಲ ನಿಮ್ಮಮ್ಮನ್ನ ಕೇಳು” ಎಂದು ಫೋನಿಟ್ಟರಂತೆ. ಅದಾಗಿ ಈಗ ನಾಲ್ಕು ತಿಂಗಳು. ನೀನು ಅವರೊಂದಿಗೆ ಮಾತು ಬಿಟ್ಟೆ, ಮೂರು ತಿಂಗಳು ನನಗೂ ಹೇಳಲಿಲ್ಲ. ಕೊನೆಗೆ ಹೇಳಿದ್ದೂ ‘ಅಪ್ಪ ತಾವಾಗಿ ಕರೆಯದೆ ಬರಲ್ಲ, ಅವರ ಹತ್ತಿರ ಇದನ್ನು ಎತ್ತಕೂಡದು’ ಎಂದು ನನ್ನ ಮೇಲೆ ಆಣೆ ಹಾಕಿ! ನಾನು ಸುತ್ತಿ ಬಳಸಿ, ಅವತ್ತು ಮಗಳು ಏನು ಕೇಳಿದಳು ಎಂದು ವಿಚಾರಿಸಿದೆ. “ಏನೂ ಕೇಳ್ಲಿಲ್ಲಪ್ಪ, ಸುಮ್ನೆ ಮಾತಾಡಿದ್ಲು” ಎಂದರು, ಕಣ್ಣು ಕೂಡ ಮಿಟುಕಿಸದೆ. ಮೂವತ್ತೈದು ವರ್ಷ ಸಂಸಾರ ಮಾಡಿದವರು ನನ್ನೆದುರಿಗೇ ಸುಳ್ಳು ಹೇಳುತ್ತಾರಲ್ಲ ಎಂದು ಅಂದಿನಿಂದ ನಾನೂ ಮುಖ ಗಂಟಿಕ್ಕಿಕೊಂಡೆ. ಊಟಕ್ಕೆ ಬಡಿಸುವುದು, ತಟ್ಟೆ ಎತ್ತುವುದು, ಅಷ್ಟೇ.

ಅವರಿಗೇನು, ಮಹಡಿ ಮೇಲೆ ಆಟಿಕೆ ರೈಲು ಇದೆ. ನೀನು ನೋಡಿದ್ದಾಗ ಒಂದು ಹಲಗೆಯಷ್ಟಿತ್ತು, ಈಗ ಕೋಣೆಯ ಮೂರು ಗೋಡೆಗೂ ಹಬ್ಬಿದೆ. ಹಳಿ, ಸುರಂಗ, ಬೆರಳುದ್ದದ ಸ್ಟೇಷನ್ನು, ಉಗುರಿನಷ್ಟು ಸ್ಟೇಷನ್ ಮಾಸ್ಟರು. ಈಗ ಅದಕ್ಕೆ ಸದ್ದು ಕೂರಿಸುವ ಹುಚ್ಚು. ಎಂಜಿನ್ನಿನ ಹೊಟ್ಟೆಗೆ ಒಂದು ಚೂರು ಅಯಸ್ಕಾಂತ ಅಂಟಿಸಿದ್ದಾರೆ. ಹಳಿಯ ಕೆಳಗೆ ಕಡ್ಡಿಯಂಥ ಸ್ವಿಚ್ಚು. ಅದರ ಮೇಲೆ ರೈಲು ಹಾಯ್ದರೆ, ಹಲಗೆಯಡಿಯ ಸ್ಪೀಕರಿನಿಂದ ರೈಲ್ವೆ ಗೇಟಿನ ಗಂಟೆ ಟಿಣ್ ಟಿಣ್ ಎಂದು ಹೊಡೆಯಬೇಕು. ಅಷ್ಟಕ್ಕೆ ಒಂದು ವಾರ ಬಾಗಿಲು ಹಾಕಿಕೊಂಡು ವೈರು ಬೆಸೆದದ್ದೇ ಬೆಸೆದದ್ದು.

ತಮಾಷೆ ಕೇಳು. ಎರಡನೇ ದಿನದಿಂದಲೇ ಆ ಗಂಟೆ ಕೆಳಗೆ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಬೆಳಿಗ್ಗೆ ಟಿಣ್ ಟಿಣ್, ಮಧ್ಯಾಹ್ನ ಟಿಣ್ ಟಿಣ್, ದಿನದಿಂದ ದಿನಕ್ಕೆ ಜೋರು. ನನ್ನ ಕೋಪ ಕೆಣಕಲು ಬೇಕೆಂದೇ ಬಾರಿಸುತ್ತಿದ್ದಾರೆ ಎಂದುಕೊಂಡು ನಾನು ಇನ್ನಷ್ಟು ಬಿಗಿದುಕೊಂಡೆ. ನಿನ್ನೆ ಕೈಯಲ್ಲಿ ಮೂರನೇ ಸ್ಪೀಕರು ಹಿಡಿದು, ಜೋತುಬಿದ್ದ ಮುಖದಲ್ಲಿ ಕೆಳಗಿಳಿದು ಬಂದರು. “ಯಾವ್ದನ್ನ ಹಾಕಿದ್ರೂ ಬಾಯೇ ಬಿಡಲ್ಲ ಕಣೇ, ಒಂದೇ ಒಂದು ಸಲಾನೂ ಹೊಡೀಲಿಲ್ಲ” ಎಂದರು. ನನ್ನ ಕೈಯ ಸೌಟು ಹಾಗೇ ನಿಂತಿತು. ಅದರ ಕಾಟಕ್ಕೆ ಬೆಳಿಗ್ಗೆಯಿಂದ ನನಗೆ ತಲೆನೋವು!

ಮುನಿಸನ್ನೆಲ್ಲ ಒಲೆಯ ಪಕ್ಕದಲ್ಲಿಟ್ಟು, ಮಂಡಿಗೆ ಸಮಾಧಾನ ಹೇಳಿ, ಮಹಡಿ ಹತ್ತಿದೆ. ಶಾಲೆಯ ವಿಜ್ಞಾನದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸೀಸೆ ತೊಳೆದವಳಲ್ಲವೇ ನಾನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದನ್ನು ಮುಟ್ಟಬಾರದು ಎಂದು ಮೇಷ್ಟ್ರು ಮಕ್ಕಳಿಗೆ ಹೇಳಿದ್ದನ್ನು ನಾನೂ ಕಲಿತಿದ್ದೆ. ಅವರು ವೈರು ಬದಲಾಯಿಸಿದ್ದರು, ಸ್ಪೀಕರು ಬದಲಾಯಿಸಿದ್ದರು. ಬದಲಾಯಿಸದೆ ಉಳಿದದ್ದು ಕೇಳುವ ಕಿವಿ ಒಂದೇ. ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಿ ಎಂದೆ. ಸದ್ದು ಹೊರಡಿಸುವ ಆ ಪುಟ್ಟ ಬೋರ್ಡಿನಲ್ಲಿ ಆರು ಸದ್ದುಗಳಿವೆ. ಡೀಸೆಲ್ ಎಂಜಿನ್ನಿನ ಗುಡುಗುಡುಗೆ ಕೈ ಎದ್ದಿತು. ಗೂಡ್ಸ್ ಗಾಡಿಯ ದಡಬಡಕ್ಕೂ ಎದ್ದಿತು. ಗೇಟಿನ ಗಂಟೆಗೆ ಇಲ್ಲ. ಗಾರ್ಡಿನ ಸೀಟಿಗೆ ಇಲ್ಲ. ಹಕ್ಕಿಗಳ ಚಿಲಿಪಿಲಿಗೆ, ಪಾಪ, ಗೋಡೆಯ ಮೇಲಿನ ಕ್ಯಾಲೆಂಡರು ಓದುತ್ತಾ ಕೂತಿದ್ದರು. ಸ್ಟೇಷನ್ನಿನಲ್ಲಿ ಹೆಂಗಸು ಕೂಗಿ ಹೇಳುತ್ತಾಳಲ್ಲ, ಅದಕ್ಕೆ ಅರ್ಧ ಕೈ ಎತ್ತಿದರು. “ಏನೋ ಗೊಣಗ್ತಾಳೆ, ಮಾತು ಬಿಡಿಸಿ ಹೇಳಲ್ಲ” ಎಂದು ಅವಳ ಮೇಲೇ ತಪ್ಪು ಹೊರಿಸಿದರು.

ಆಮೇಲೆ ನಾನೇ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ಚಹಾ ಮಾಡಲಾ ಎಂದೆ. ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. ಎದುರಿಗೆ ಬಂದು ಅದನ್ನೇ ಕೇಳಿದೆ. “ಸಕ್ಕರೆ ಕಮ್ಮಿ ಹಾಕು” ಎಂದರು. ಇಷ್ಟು ವರ್ಷ ಈ ಮನುಷ್ಯ ನನ್ನ ತುಟಿ ನೋಡಿಕೊಂಡು ಸಂಸಾರ ಮಾಡುತ್ತಿದ್ದಾರೆ ಕಣೇ, ಅದು ಅವರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಅಚ್ಚುಮನೆಯ ಯಂತ್ರದ ಮಗ್ಗುಲಲ್ಲೇ ನಿಂತ ಕಿವಿ. ತೆಳು ದನಿಗಳೆಲ್ಲ ಒಂದೊಂದಾಗಿ ಜಾರಿಹೋಗಿವೆ. ನಿನ್ನದೋ ನನ್ನದಕ್ಕಿಂತ ತೆಳು ದನಿ, ಅಳು ಬಂದರೆ ಇನ್ನೂ ತೆಳು. ಫೋನಿನಲ್ಲಿ ನೋಡಲು ಮುಖವೂ ಇಲ್ಲ. “ಅದೆಲ್ಲ ಅವಳನ್ನ ಕೇಳಿ” ಎಂದು ಅವರು ಹಾಲಿನವನಿಗೂ ಹೇಳುತ್ತಾರೆ, ಬ್ಯಾಂಕಿನವರಿಗೂ ಹೇಳುತ್ತಾರೆ. ಯಜಮಾನಿಕೆ ನನಗೆ ಬಿಟ್ಟಿದ್ದಾರೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಎಂಥ ಪೆದ್ದಿ ನಾನು.

ಕಿವಿಯ ವಿಷಯ ತಿಳಿಸಿ ಹೇಳಿದ ಮೇಲೆ, “ಎಷ್ಟು ದಿನದಿಂದ ಹೀಗಿದೆ?” ಎಂದು ನನ್ನನ್ನೇ ಕೇಳಿದರು. ನನಗೆ ಅಳು ಬಂತು. ಒಂದು ತಿಂಗಳು ಅವರನ್ನು ಸುಳ್ಳುಗಾರನೆಂದು ನೋಡಿದೆನಲ್ಲ, ಅದು ನನ್ನನ್ನು ಕೊರೆಯುತ್ತಿದೆ. ಕಿವಿಯ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿದ್ದೇನೆ. ನೀನು ಕೇಳಿದ್ದೇನು ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲ. ನಿನ್ನ ಆಣೆ ಬಾಯಿ ಕಟ್ಟಿದೆ. ಬಿಡಿಸು ತಾಯಿ, ಎರಡು ಸಾಲು ಬರೆ.

ಮಗುವಿಗೆ ನನ್ನ ನೂರು ಮುತ್ತು. ಹೊತ್ತುಹೊತ್ತಿಗೆ ಉಣ್ಣು, ಸೊಂಟಕ್ಕೆ ಬಿಸಿನೀರು ಹಾಕಿಕೋ. ನಿನಗೆ ಒಳ್ಳೆಯದೇ ಆಗಲಿ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಲಕೋಟೆಗೆ ವಿಳಾಸ ಬರೆಯುತ್ತಿದ್ದಾಗ ಬಂದು ಎದುರಿಗೆ ಕೂತು, “ಅವತ್ತು ಅವಳೇನೋ ಕೇಳಿರ್ಬೇಕು, ಅಲ್ವಾ?” ಎಂದರು. ಆಣೆ ಮುರಿದೆ, ಬೈಯುವುದಿದ್ದರೆ ನನ್ನನ್ನು ಬೈ. ಕಿವಿಯ ಹತ್ತಿರ ಬಾಗಿ, ದನಿ ದಪ್ಪ ಮಾಡಿ, ನಿನ್ನ ಮಾತನ್ನು ನೀನು ಹೇಳಿದ ಹಾಗೇ ಹೇಳಿದೆ. ಮುಖ ಬಿಳಿಚಿಕೊಂಡಿತು. “ನಾಲ್ಕು ತಿಂಗಳಿಂದ ಕಾಯ್ತಾ ಇದ್ದಾಳಾ?” ಎಂದರು, ಅಷ್ಟೇ. ಶನಿವಾರದ ಬಸ್ಸಿಗೆ ನಿನ್ನನ್ನೂ ಮಗುವನ್ನೂ ಕರೆತರಲು ಹೊರಟಿದ್ದಾರೆ, ಒಬ್ಬರೇ. ಸಂಜೆ ಐದರ ಹೊತ್ತಿಗೆ ಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರು’ ಎಂದು ಕೇಳಬೇಡ. ಅವರಿಗೆ ಕೇಳಿಸುವುದಿಲ್ಲ, ನಿನಗೆ ಬೇಡವೆಂದುಕೊಂಡು ಹಿಂದಿರುಗಿಬಿಟ್ಟಾರು. ಎದ್ದು ಬಂದು ಬಾಗಿಲು ತೆಗೆ.