ರಿಮೋಟಿನೊಳಗಿನ ಸೂರ್ಯ

ತಮ್ಮಾ ಶಿವು,

ನಿನ್ನ ಕೋಣೆಯ ಗೋಡೆಯಲ್ಲೀಗ ಒಂದು ತೂತಿದೆ. ಏಸಿಯ ತಾಮ್ರದ ಕೊಳವೆ ಹೊರಗೆ ಹೋಗುತ್ತಿದ್ದ ತೂತು. ಗಾರೆಯವನನ್ನು ಕರೆಸಿ ಮುಚ್ಚಿಸು ಎಂದು ಅವ್ವ ದಿನಾ ಹೇಳುತ್ತಾಳೆ. ನಾನು ಕರೆಸಿಲ್ಲ. ಯಾಕೆಂದು ಅವಳಿಗೆ ವಿವರಿಸಲಾರೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ತೆಂಗಿನ ಮರದಿಂದ ಬಿದ್ದ ವರ್ಷ ಹಾಸನದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ ಮಾತು ನಿನಗೆ ಪೂರ್ತಿ ಗೊತ್ತಿರಲಿಲ್ಲ. ಕೈಕಾಲು ಬರುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ನಮಗೆ ತಿಳಿದಿತ್ತು. ಅವರು ಹೇಳಿದ್ದು ಬೇರೆ. ಕುತ್ತಿಗೆಯಿಂದ ಕೆಳಗಿನ ಮೈ ಇನ್ನು ಬೆವರುವುದಿಲ್ಲ, ನಡುಗುವುದಿಲ್ಲ. ಕೋಣೆ ಕಾದರೆ ಇವರೂ ಕಾಯುತ್ತಾರೆ, ಕೋಣೆ ತಣಿದರೆ ಇವರೂ ತಣಿಯುತ್ತಾರೆ. ಅರಸೀಕೆರೆಯ ಬೇಸಿಗೆಯಲ್ಲಿ ನಿನ್ನನ್ನು ಉಳಿಸಿಕೊಳ್ಳುವುದೆಂದರೆ ಒಂದು ಕೋಣೆಯನ್ನು ಉಳಿಸಿಕೊಳ್ಳುವುದು ಎಂದು ನನಗೆ ಆಗ ಅರ್ಥವಾಯಿತು.

ಮೊದಲ ಏಸಿ ಬಂದ ವಾರ ನೆನಪಿದೆಯಾ? ನಾನು ಆಫೀಸಿನಿಂದ ಬಂದು ಬಾಗಿಲು ತೆರೆದರೆ ಕೋಣೆ ಹಿಮವಾಗಿತ್ತು. ರಿಮೋಟಿನಲ್ಲಿ ಹದಿನೆಂಟು. ನಿನ್ನ ತುಟಿ ನೀಲಿಗಟ್ಟಿತ್ತು.

“ಏನವ್ವ ಇದು, ಫ್ರಿಜ್ಜಲ್ಲಿ ಇಟ್ಟಂಗೈತೆ!”

“ಅಯ್ಯೋ, ನನ್ ಮಗ ತಣ್ಣಗಿರ್ಲಿ ಅಂತ ಕಣೇ.”

ಹುಟ್ಟಿದಾಗಿನಿಂದ ಅವಳು ನಮಗೆ ಕೊಟ್ಟ ಹರಕೆಯೇ ಅದಲ್ಲವೇ, ತಣ್ಣಗಿರು, ಹೊಟ್ಟೆ ತಣ್ಣಗಿರಲಿ. ಹರಕೆಗೆ ಒಂದು ಯಂತ್ರ ಸಿಕ್ಕಿದಾಗ ಅವಳು ಅದನ್ನು ಕೊನೆಯವರೆಗೂ ಒತ್ತಿದ್ದಳು. ನಾನು ಕಂಬಳಿ ಹೊದಿಸುತ್ತಿದ್ದರೆ ನೀನು ಆ ನೀಲಿ ತುಟಿಯಲ್ಲೇ ಅಂದೆ, “ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಪೂರ್ತಿ ತಣ್ಣಗಾಗ್ತಿದ್ದೆ ಬಿಡವ್ವ.” ಅವ್ವ ಅತ್ತಳು. ನೀನು ನಕ್ಕೆ. ಅಂದಿನಿಂದ ರಿಮೋಟು ನನ್ನ ವಶವಾಯಿತು. ಇಪ್ಪತ್ತಾರು. ಅದಕ್ಕಿಂತ ಮೇಲೂ ಇಲ್ಲ, ಕೆಳಗೂ ಇಲ್ಲ.

ಭಾನುವಾರಗಳಂದು ಬಲೆಯಂಥ ಫಿಲ್ಟರು ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿ ಹಾಕುವವರೆಗೆ ನಿನಗೆ ಒದ್ದೆ ಟವೆಲ್ಲು ಹೊದಿಸಿ ಓದಿ ಹೇಳುತ್ತಿದ್ದೆ. ರಷ್ಯಾದ ದಪ್ಪ ಕಾದಂಬರಿಗಳ ಕನ್ನಡ ಅನುವಾದಗಳು. ಅದರಲ್ಲಿ ಹಿಮ ಬಂದಾಗಲೆಲ್ಲ ನೀನು ತಡೆಯುತ್ತಿದ್ದೆ. “ಆ ಊರಲ್ಲಿ ಹುಟ್ಟಿದ್ರೆ ಏಸಿ ಖರ್ಚೇ ಇರ್ತಿರ್ಲಿಲ್ಲ ಕಣಕ್ಕ.” ಅಲ್ಲಿ ನಿನ್ನನ್ನು ಬೆಚ್ಚಗಿಡಲು ಒಂದು ಕಾಡನ್ನೇ ಸುಡಬೇಕಾಗುತ್ತಿತ್ತು ಎಂದು ನಾನು ಹೇಳಿದ್ದೆ. ತಮಾಷೆಯಾಗಿ ಹೇಳಿದ್ದು. ಆದರೆ ಚಳಿಗಾಲವೇ ನಮಗೆ ಹೆಚ್ಚು ಕಷ್ಟವಾಗಿತ್ತು, ಅಲ್ಲವೇ? ಬಿಸಿನೀರಿನ ಚೀಲ ನಿನ್ನ ಪಾದವನ್ನು ಸುಟ್ಟದ್ದು ನಿನಗೆ ಗೊತ್ತಾಗಲಿಲ್ಲ. ಗುಳ್ಳೆ ಕಂಡ ಮೇಲೆ ನಾನು ಹೇಳಿ ನಿನಗೆ ತಿಳಿಯಿತು. ಆ ಗಾಯ ಮಾಯುವಷ್ಟರಲ್ಲಿ ಇನ್ನೊಂದು ಬೇಸಿಗೆ ಬಂತು.

ಅದಕ್ಕೇ ಹಳೆಯದನ್ನು ತೆಗೆಸಿ, ಬಿಸಿಗಾಳಿಯನ್ನೂ ಕೊಡುವ ಹೊಸ ಏಸಿ ಹಾಕಿಸಿದ್ದು. ಯುಗಾದಿಯ ಮರುದಿನ ಹಳೇಬೀಡಿನಿಂದ ಮೆಕ್ಯಾನಿಕ್ ಜಗದೀಶ ಬಂದ. ಏಣಿಯ ಮೇಲೆ ನಿಂತೇ ನಿನಗೆ ರಿಮೋಟು ತೋರಿಸಿದ. ಒಂದು ಬಟನ್ ಒತ್ತುತ್ತ ಹೋದರೆ ಮೊದಲು ಮಂಜಿನ ಹೂವು, ಆಮೇಲೆ ಹನಿ, ಆಮೇಲೆ ಸೂರ್ಯ.

“ಜಗ್ಗಣ್ಣ, ಒಂದ್ಸಲ ಸೂರ್ಯನ್ನ ಹಾಕಿ ನೋಡಾನ.”

“ಯುಗಾದಿ ಬಿಸ್ಲಲ್ಲಿ ಯಾವನಾದ್ರೂ ಒಲೆ ಹಚ್ತಾನೇನ್ಲಾ? ಬೆಂದೋಯ್ತೀಯ. ಚಳಿ ಬರ್ಲಿ, ತಡ್ಕ.”

“ಬರ್ದೇ ಹೋದ್ರೆ?”

“ಚಳಿ ಎಲ್ಲಿಗ್ ಹೋಯ್ತದೆ? ಬಂದೇ ಬತ್ತದೆ.”

ಆಮೇಲೆ ಅದೊಂದು ಆಟವಾಯಿತು. ನಾನು ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದ ಕೂಡಲೇ ನೀನು ಕೇಳುತ್ತಿದ್ದೆ, “ಅಕ್ಕ, ಚಳಿ ಬಂತಾ?” ಬೇಸಿಗೆಯಲ್ಲೂ, ಮಳೆಯಲ್ಲೂ.

ದಸರೆಯ ವಾರ ನಿನ್ನ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮುವ ಶಕ್ತಿ ನಿನಗೆ ಇರಲಿಲ್ಲ. ನೀನು ಹೋದ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಗೋಡೆಯ ಥರ್ಮಾಮೀಟರು ನೋಡಿದ್ದು. ಇಪ್ಪತ್ತಾರೇ ಇತ್ತು. ಯಂತ್ರ ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ, ಫಿಲ್ಟರಿನಲ್ಲಿ ಧೂಳಿರಲಿಲ್ಲ. ಏನಾದರೂ ಒಂದು ಕೆಟ್ಟಿದ್ದರೆ... ನಾನು ಬೈಯಲು ಏನೂ ಉಳಿದಿರಲಿಲ್ಲ ಶಿವು. ಎಲ್ಲವೂ ಸರಿಯಾಗಿದ್ದ ಕೋಣೆಯಲ್ಲಿ ನೀನು ತಣ್ಣಗಾಗಿದ್ದೆ.

ನಿನ್ನನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವ್ವ ನಿನ್ನ ಮಂಚದ ಪಕ್ಕದಲ್ಲಿ ದೀಪವಿಟ್ಟಳು. ಏಸಿಯ ಗಾಳಿಗೆ ಅದು ತೂರಾಡುತ್ತಿತ್ತು. “ದೀಪ ಹೋಗಬಾರ್ದು ಕಣೇ, ಅದನ್ನ ನಿಲ್ಸು,” ಎಂದಳು. ನಿಲ್ಲಿಸಿದೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕೋಣೆಗೆ ಊರಿನ ಸೆಕೆ ಬಂತು. ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು. ನಾಚಿಕೆಯಾಯಿತು.

ಬಾಣಾವರದ ಗಂಗಮ್ಮನ ವಿಷಯ ನಿನಗೆ ಗೊತ್ತಿಲ್ಲ. ಅವಳ ಗಂಡ ಕರಿಬಸಪ್ಪನೂ ಮರದಿಂದ ಬಿದ್ದವನೇ, ನಿನ್ನ ಹಾಗೇ ಮಲಗಿದವನು. ನಮ್ಮ ಏಸಿ ಈಗ ಸುಮ್ಮನೆ ಇದೆ ಎಂದು ಜಗದೀಶ ಅವಳಿಗೆ ಹೇಳಿದ್ದ. ದೀಪಾವಳಿಗೆ ಮುಂಚೆ ಬಂದು ಬಾಗಿಲಲ್ಲೇ ನಿಂತಳು. ಕೇಳಲೂ ಇಲ್ಲ, ಹೋಗಲೂ ಇಲ್ಲ. ಆ ಕೋಣೆಯಿಂದ ಏನನ್ನೂ ಕದಲಿಸುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಆಣೆ ಮಾಡಿದ್ದೆ. ಆದರೆ ಅವಳಿಗೆ ಇಲ್ಲ ಎನ್ನಲು ಯಾವ ಮಾತು ಇತ್ತು? ತಗೊಂಡು ಹೋಗಿ ಎಂದೆ. ಔದಾರ್ಯವಲ್ಲ, ಬಾಯಿಗೆ ಬೇರೆ ಮಾತು ಬರಲಿಲ್ಲ, ಅಷ್ಟೆ.

ಬಿಚ್ಚಲು ಬಂದ ದಿನ ಜಗದೀಶ ಅಂದ, “ಅಕ್ಕ, ಒಂದ್ಸಲ ಓಡಿಸ್ಬೇಕು. ಓಡ್ತಿದ್ರೇನೇ ಗ್ಯಾಸೆಲ್ಲ ಹೊರಗಿನ ಡಬ್ಬಕ್ಕೆ ಎಳ್ಕಳದು.” ಅದಕ್ಕಾಗಿ ಮತ್ತೆ ಚಾಲೂ ಮಾಡಿದ. ಕೋಣೆ ತಣಿಯಿತು. ನಿನ್ನ ಪೌಡರಿನ, ಡೆಟಾಲಿನ ವಾಸನೆ ಎಲ್ಲಿ ಅಡಗಿತ್ತೋ, ಎದ್ದು ಬಂತು. ಅವ್ವ ಅಡುಗೆಮನೆಯಿಂದ ಓಡಿ ಬಂದು ಹೊಸ್ತಿಲಲ್ಲಿ ನಿಂತಳು, ಯಾರೋ ಕರೆದ ಹಾಗೆ. ಆಮೇಲೆ ಜಗದೀಶ ಹೊರಗೆ ಏಣಿ ಹತ್ತಿ ವಾಲ್ವು ತಿರುಗಿಸಿದ. ಸದ್ದು ನಿಂತಿತು. ಅವನೂ ತುಂಬ ಹೊತ್ತು ಏಣಿಯಿಂದ ಇಳಿಯಲಿಲ್ಲ.

ವಾರ ಬಿಟ್ಟು ಬಾಣಾವರಕ್ಕೆ ಹೋದಾಗ ಏನು ಕಂಡೆ ಹೇಳು? ಹದಿನೆಂಟು. ಕರಿಬಸಪ್ಪನ ತುಟಿ ನಿನ್ನ ತುಟಿಯಂತೆಯೇ ಇತ್ತು. ಗಂಗಮ್ಮ ನನ್ನ ಕೈ ಹಿಡಿದು, “ನಿಮ್ ಹೊಟ್ಟೆ ತಣ್ಣಗಿರ್ಲಿ ಕಣಕ್ಕ, ಇವ್ರು ತಣ್ಣಗವ್ರೆ,” ಅಂದಳು. ನಾನು ರಿಮೋಟು ಕಿತ್ತುಕೊಂಡೆ. ಗೋಡೆಯ ಮೇಲೆ ಬಳಪದಲ್ಲಿ ದೊಡ್ಡದಾಗಿ ಇಪ್ಪತ್ತಾರು ಬರೆದು ಬಂದೆ.

ನಿನ್ನೆ ಮತ್ತೆ ಹೋಗಿದ್ದೆ. ಬಟನ್ ಒತ್ತುತ್ತ ಹೋದೆ: ಮಂಜಿನ ಹೂವು, ಹನಿ, ಸೂರ್ಯ. ಏನೂ ಬರಲಿಲ್ಲ. ಗಾಳಿಯೇ ಇಲ್ಲ. “ಕೆಟ್ಟೋಗೈತಾ ಅಕ್ಕ?” ಎಂದು ಗಂಗಮ್ಮ ಕೇಳಿದಳು. ಮೊದಲು ಒಳಗಿನ ಕೊಳವೆ ಕಾಯಬೇಕು, ಆಮೇಲೇ ಫ್ಯಾನು ತಿರುಗುವುದು ಎಂದು ಜಗದೀಶ ಹೇಳಿದ್ದು ನನಗೆ ನೆನಪಿತ್ತು. ಆದರೂ ಕೆಟ್ಟಿರಲಿ ಎಂದು ಆಸೆಪಟ್ಟೆ. ನಿನಗೆ ಸಿಗದ್ದು ಯಾರಿಗೂ... ಇದನ್ನು ನಿನಗಷ್ಟೇ ಬರೆಯಬಲ್ಲೆ.

ಆಮೇಲೆ ಮೆಲ್ಲಗೆ ಗಾಳಿ ಬಂತು. ಕರಿಬಸಪ್ಪ ಮುಖ ಮೇಲೆತ್ತಿದ, ಅವನಿಗೂ ಬಿಸಿ ತಿಳಿಯುವುದು ಮುಖಕ್ಕೆ ಮಾತ್ರವಲ್ಲವೇ. ಕಣ್ಣು ಮುಚ್ಚಿಕೊಂಡು, “ಬೆಚ್ಚಗೈತೆ ಕಣಕ್ಕ,” ಅಂದ.

ಸೂರ್ಯ ಕೆಲಸ ಮಾಡುತ್ತಾನೆ ಶಿವು. ನಿನಗೆ ಈ ಸುದ್ದಿ ತಲುಪಿಸಬೇಕಿತ್ತು. ನನಗೆ ಸಂತೋಷವಾಗಲಿಲ್ಲ. ಆಗಬೇಕಿತ್ತು. ರೈಲು ಹಿಡಿದು ವಾಪಸು ಬಂದು ನಿನ್ನ ಬರಿ ಮಂಚದ ಮೇಲೆ ಕೂತೆ. ಈಗಲೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಗೋಡೆಯ ತೂತಿನಿಂದ ಗಾಳಿ ಬರುತ್ತಿದೆ, ಕೈ ಸೆಟೆಯುತ್ತಿದೆ, ಅಕ್ಷರ ನೆಟ್ಟಗಿಲ್ಲ.

ದಿನಾ ಕೇಳುತ್ತಿದ್ದೆಯಲ್ಲ. ಬಂತು ಕಣೋ, ಚಳಿ ಬಂತು.

ನಿನ್ನ
ಅಕ್ಕ