ತಾರಸಿಯ ಕುಂಬಳದ ಹೂವು

೧೪ ಅಕ್ಟೋಬರ್, ಮಂಗಳವಾರ

ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನರ್ಸ್ ಸಂಘಮಿತ್ರಳಿಗೆ ಭಾನುವಾರ ಇಂಗ್ಲಿಷ್ ಪರೀಕ್ಷೆ. ನನಗೂ ಅದೇ ಯೋಚನೆ. ಹೋದ ಸಲ ಗಿಡಮರ, ಪರಿಸರದ ಪದಗಳು ಗೊತ್ತಾಗದೆ ರೀಡಿಂಗ್‌ನಲ್ಲೇ ಫೇಲಾದಳು.

ಬೆಳಗ್ಗೆ ‘ಪಾಲಿನೇಷನ್’ ಅಂದರೇನು ಅಂತ ಕೇಳಿದಳು. ಬಿಎಸ್ಸಿಯಲ್ಲಿ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಅರ್ಧಕ್ಕೇ ನಿಂತುಹೋಯಿತು. ಸರಿ, ತೋರಿಸೇಬಿಡೋಣ ಅಂತ ಅವಳನ್ನು ಕರೆದುಕೊಂಡು ತಾರಸಿಗೆ ಹತ್ತಿದೆ. ನನ್ನ ಹೆಂಡತಿ ಪ್ರೇಮಲೀಲಾ ತೀರಿಕೊಂಡ ಮೇಲೆ ನಾನು ಆ ಕಡೆ ಹೋಗಿರಲೇ ಇಲ್ಲ. ಅವಳು ನೆಟ್ಟಿದ್ದ ಕುಂಬಳದ ಬಳ್ಳಿ ಒಣಗಿರುತ್ತೆ ಅಂದುಕೊಂಡಿದ್ದೆ. ನೋಡಿದರೆ ಹಸಿರಾಗಿತ್ತು, ಕಾಯಿಯೂ ಬಿಟ್ಟಿತ್ತು. ಅವಳು ಮಾಡುತ್ತಿದ್ದ ಹಾಗೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿದೆ.

“ಅಯ್ಯೋ ಅಂಕಲ್, ಇದೇನಾ ಪಾಲಿನೇಷನ್? ಆಂಟಿ ಹೇಳಿಕೊಟ್ಟಿದ್ರಲ್ಲ, ದಿನಾ ನಾನೇ ಮಾಡ್ತಿದೀನಿ. ನೀವೇ ಈ ಕಡೆ ಬರ್ತಿರಲಿಲ್ಲ.”

ಈ ಹುಡುಗಿಗೆ ಎಷ್ಟು ಕೈಮುಗಿದರೂ ಸಾಲದು. ಪಾಸಾದರೆ ಹೊರದೇಶಕ್ಕೆ ಹೊರಟುಬಿಡುತ್ತಾಳೆ. ಪಾಸಾಗಲಿ. ನಾಳೆಯಿಂದ ಹೂವಿನ ಕೆಲಸ ನಾನೇ ನೋಡಿಕೊಂಡರಾಯಿತು, ಬೇಗ ಎದ್ದು…